ಈ ಬೋಧನೆ ಸರಿಯೋ ತಪ್ಪೋ? ಕ್ರೈಸ್ತ ವಿಶ್ವಾಸಿಗಳು ಪರೀಕ್ಷಿಸುವ ಕ್ರಮ, ಹಂತ ಹಂತವಾಗಿ

"ಗೆಳತಿಯೊಬ್ಬಳು ಝೂಮ್‌ನಲ್ಲಿ ಸತ್ಯವೇದ ಕ್ಲಾಸ್ ಇದೆ ಅಂತ ಲಿಂಕ್ ಕಳಿಸಿದ್ದಾಳೆ, ಸೇರಬಹುದಾ?" "ಮನೆಗೆ ಇಬ್ಬರು ಪುಸ್ತಕ ಹಿಡಿದು ಬರುತ್ತಾರೆ. ಮಾತು ಮೃದು, ನಡತೆ ಚೆನ್ನ. ಆದರೆ ಯೇಸು ದೇವರಲ್ಲ ಅನ್ನುತ್ತಾರೆ." "ತಮ್ಮ ಹೊಸ ಸಭೆಗೆ ಹೋಗೋಕೆ ಶುರುಮಾಡಿದ ಮೇಲೆ ಅಪ್ಪ ಅಮ್ಮನ ಫೋನನ್ನೂ ಎತ್ತುತ್ತಿಲ್ಲ." ಕ್ರೈಸ್ತ ಓದುಗರು ಈ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೂರಕ್ಕೂ ಒಂದೇ ಕ್ರಮದಲ್ಲಿ ಉತ್ತರ ಹುಡುಕಬಹುದು. ಆ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದೆ.

ಆ ಜನ ಒಳ್ಳೆಯವರೋ ಕೆಟ್ಟವರೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ತಪ್ಪು ಬೋಧನೆಯೊಳಗೆ ಇರುವ ಬಹುಪಾಲು ಮಂದಿ ದೇವರನ್ನು ನಿಜವಾಗಿ ಹುಡುಕುತ್ತ ಹೋದವರೇ. ನೀವು ಪರೀಕ್ಷಿಸಬೇಕಾದದ್ದು ಬೋಧನೆಯನ್ನು. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದು ಪೌಲನು ಥೆಸಲೊನೀಕದ ಸಭೆಗೆ ಬರೆದದ್ದು (1 ಥೆಸಲೊನೀಕ 5:21) ಸಾಮಾನ್ಯ ವಿಶ್ವಾಸಿಗಳಿಗೆ. ಪಾಸ್ಟರರಿಗೆ ಮಾತ್ರ ಬಿಟ್ಟ ಕೆಲಸ ಇದಲ್ಲ.

ಮೊದಲು ಕೆಲವು ಪದಗಳು

ಪಂಥ ಎಂದರೆ ದಾರಿ, ಗುಂಪು. ಕನ್ನಡದಲ್ಲಿ ಅದು ಬೈಗುಳವಲ್ಲ. ಕಲ್ಟ್ ಎಂದು ಜನ ಹೇಳುವುದು ಬೇರೆ: ಒಬ್ಬ ಮುಖಂಡನ ಅಥವಾ ಒಂದು ಸಂಸ್ಥೆಯ ಮಾತನ್ನು ಪ್ರಶ್ನಿಸುವಂತಿಲ್ಲದ, ಬಿಟ್ಟು ಬಂದರೆ ರಕ್ಷಣೆಯೇ ಹೋಯಿತು ಎಂದು ಹೆದರಿಸುವ ಗುಂಪು. ದುರ್ಬೋಧನೆ ಎಂದರೆ ಸುವಾರ್ತೆಯ ಬುಡವನ್ನೇ ಕೊಯ್ಯುವ ಬೋಧನೆ. ಇವೆರಡೂ ಒಂದೇ ಅಲ್ಲ. ಬೋಧನೆ ಸರಿಯಿದ್ದೂ ಪಾಸ್ಟರ್ ಒಬ್ಬರು ಸಭೆಯನ್ನು ಹಿಡಿತದಲ್ಲಿಟ್ಟು ಹಿಂಸಿಸಬಹುದು. ಬೋಧನೆ ಪೂರ್ತಿ ತಪ್ಪಾಗಿದ್ದೂ ಗುಂಪು ಶಾಂತವಾಗಿ, ಶಿಸ್ತಾಗಿ ಇರಬಹುದು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ತ್ರಯೇಕ ದೇವರು ಎಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ವಿಶ್ವಾಸ. ವಿಶ್ವಾಸಪ್ರಮಾಣ ಎಂದರೆ ಆರಾಧನೆಯಲ್ಲಿ ಎಲ್ಲರೂ ಸೇರಿ ಹೇಳುವ ನಂಬಿಕೆಯ ಸಾರ. ನೈಸೀಯ ವಿಶ್ವಾಸಪ್ರಮಾಣ 325ರಲ್ಲಿ ನೈಸೀಯದ ಮಹಾಸಭೆಯಲ್ಲಿ ರೂಪುಗೊಂಡು, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಸ್ತಾರವಾಯಿತು.

ಏನೇನು ಬೇಕು

ನಿಮ್ಮ ಮನೆಯ ಕನ್ನಡ ಸತ್ಯವೇದ, ಜೊತೆಗೆ ಇನ್ನೊಂದು ಅನುವಾದ. ಇಂಗ್ಲಿಷ್, ತಮಿಳು, ತೆಲುಗು, ಕೊಂಕಣಿ ಯಾವುದು ಓದಲು ಬರುತ್ತದೋ ಅದು. ಒಂದು ನೋಟ್‌ಬುಕ್. ನೈಸೀಯ ವಿಶ್ವಾಸಪ್ರಮಾಣದ ಒಂದು ಪ್ರತಿ. ನಿಮ್ಮ ಆರಾಧನೆಯ ಪುಸ್ತಕದಲ್ಲೇ ಇರಬಹುದು. ಆ ಗುಂಪಿಗೆ ಸೇರದ, ಸತ್ಯವೇದ ಚೆನ್ನಾಗಿ ಓದಿಕೊಂಡ ಒಬ್ಬರು: ನಿಮ್ಮ ಅಯ್ಯನವರು, ಫಾದರ್, ಸಭೆಯ ಹಿರಿಯರು ಅಥವಾ ಸಂಡೇ ಸ್ಕೂಲ್ ಟೀಚರ್. ಮತ್ತು ಕನಿಷ್ಠ ನಾಲ್ಕು ವಾರ. ಈ ನಾಲ್ಕು ವಾರ ಯಾವ ಫಾರ್ಮಿಗೂ ಸಹಿ ಹಾಕಬೇಡಿ, ದೀಕ್ಷಾಸ್ನಾನಕ್ಕೆ ಒಪ್ಪಬೇಡಿ, ಹಣ ಕೊಡಬೇಡಿ. "ಇವತ್ತೇ ತೀರ್ಮಾನ ಮಾಡಿ, ನಾಳೆ ಇರುತ್ತೀರೋ ಇಲ್ಲವೋ" ಎಂದು ಆತುರಪಡಿಸಿದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

1. ಯಾವ ಬಗೆಯ ಭಿನ್ನಾಭಿಪ್ರಾಯ ಎಂದು ವಿಂಗಡಿಸಿ

ಸಭೆಗಳ ನಡುವಿನ ಎಲ್ಲ ವ್ಯತ್ಯಾಸವೂ ದುರ್ಬೋಧನೆಯಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ.

ಮೊದಲ ಕಾಲಂ ಪದ್ಧತಿಗೆ: ಬಿಳಿ ಬಟ್ಟೆ, ಒಡವೆ ತೊಡುವುದು ಬಿಡುವುದು, ಡ್ರಮ್ಸ್ ಬಾರಿಸುವುದು, ತಲೆಯ ಮೇಲೆ ಸೆರಗು. ಎರಡನೆಯದು ಸಭೆಗಳು ಶತಮಾನಗಳಿಂದ ಗಂಭೀರವಾಗಿ ಚರ್ಚಿಸಿದ ವಿಷಯಗಳಿಗೆ: ಶಿಶು ದೀಕ್ಷಾಸ್ನಾನವೋ ವಿಶ್ವಾಸಿಗಳ ದೀಕ್ಷಾಸ್ನಾನವೋ, ಅನ್ಯಭಾಷೆಯ ವರ, ಮರಿಯಮ್ಮನವರ ಸ್ಥಾನ, ಕರ್ತನ ಭೋಜನದ ಅರ್ಥ. ಇವುಗಳಲ್ಲಿ ನಿಮಗೆ ದೃಢವಾದ ಅಭಿಪ್ರಾಯ ಇರಲಿ, ಆದರೆ ಎದುರಿನವರನ್ನು ಕಲ್ಟ್ ಎನ್ನಬೇಡಿ. ಮೂರನೆಯದು ಬುಡದ ವಿಷಯಗಳಿಗೆ: ಯೇಸು ಯಾರು, ಶಿಲುಬೆಯಲ್ಲಿ ಆತ ಮಾಡಿ ಮುಗಿಸಿದ್ದೇನು, ಆತ ದೇಹಸಹಿತವಾಗಿ ಎದ್ದನೋ ಇಲ್ಲವೋ, ರಕ್ಷಣೆ ಕೃಪೆಯಿಂದಲೋ ಸಂಸ್ಥೆಯ ಸದಸ್ಯತ್ವದಿಂದಲೋ, ದೇವರ ವಾಕ್ಯಕ್ಕೆ ಸಮಾನವಾಗಿ ಇನ್ನಾರದೋ ಮಾತು ನಿಲ್ಲುತ್ತದೆಯೋ.

ಇಲ್ಲಿ ಎಡವುವವರೇ ಹೆಚ್ಚು. ಸಿಎಸ್‌ಐನವರು (ದಕ್ಷಿಣ ಭಾರತ ಸಭೆ) ಪೆಂಟೆಕೋಸ್ತಲರನ್ನು, ಪೆಂಟೆಕೋಸ್ತಲರು ಕಥೋಲಿಕರನ್ನು, ಇನ್ಯಾರೋ ಇನ್ಯಾರನ್ನೋ ಸುಳ್ಳು ಸಭೆ ಎಂದು ಕರೆದು ಕರೆದು ಆ ಮಾತಿನ ಹರಿತವೇ ಹೋಗಿದೆ. ನಿಜವಾದ ಅಪಾಯ ಬಂದಾಗ ಮಕ್ಕಳು ಆ ಎಚ್ಚರಿಕೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

2. ಕರೆದವರು ಯಾರು ಎಂದು ನೇರವಾಗಿ ಕೇಳಿ

ಮೊದಲ ಭೇಟಿಯಲ್ಲೇ ಕೇಳಬೇಕಾದ್ದು: ನಿಮ್ಮ ಸಭೆಯ ಪೂರ್ತಿ ಹೆಸರೇನು? ಶುರುಮಾಡಿದವರು ಯಾರು, ಯಾವಾಗ, ಎಲ್ಲಿ? ಈ ಪಾಠ ಬರೆದವರು ಯಾರು? ಇದನ್ನು ನನ್ನ ಪಾಸ್ಟರಿಗೆ ತೋರಿಸಬಹುದೇ?

ಮನೆಬಾಗಿಲಿಗೆ ಬರುವ ಯೆಹೋವನ ಸಾಕ್ಷಿಗಳು ತಮ್ಮ ಹೆಸರನ್ನು ಬಚ್ಚಿಡುವುದಿಲ್ಲ. ಕಾವಲಿನಬುರುಜು ಪತ್ರಿಕೆ ಕೈಯಲ್ಲೇ ಇರುತ್ತದೆ. ದಕ್ಷಿಣ ಕೊರಿಯದಲ್ಲಿ 1984ರಲ್ಲಿ ಲೀ ಮನ್-ಹೀ ಶುರುಮಾಡಿದ ಶಿಂಚನ್‌ಜಿ ಗುಂಪಿನ ರೀತಿ ಬೇರೆ. ಹೆಸರು ಹೇಳದೆ ಸತ್ಯವೇದ ಅಧ್ಯಯನಕ್ಕೆ ಕರೆದು, ತಿಂಗಳುಗಟ್ಟಲೆ ಪಾಠ ನಡೆಸಿ, ಆಮೇಲೆ ಗುರುತು ಹೇಳುವುದು ಅಲ್ಲಿಯ ಬಹಳ ಪ್ರಸಿದ್ಧವಾದ ಪದ್ಧತಿ. 2020ರಲ್ಲಿ ಅಲ್ಲಿಯ ದೇಗು ನಗರದಲ್ಲಿ ಕೊರೊನಾ ಹರಡಿದಾಗ ಸದಸ್ಯರು ಈ ಗುರುತನ್ನು ಮುಚ್ಚಿಡುವುದು ಲೋಕಕ್ಕೆಲ್ಲ ಸುದ್ದಿಯಾಯಿತು.

ಉತ್ತರದಲ್ಲಿ ನುಣುಚುವಿಕೆ ಇದೆಯೇ ಗಮನಿಸಿ. "ನಾವು ಯಾವ ಪಂಗಡಕ್ಕೂ ಸೇರಿದವರಲ್ಲ, ಬರೀ ಸತ್ಯವೇದ" ಎಂಬುದು ಉತ್ತರವಲ್ಲ. ಪಾಠಕ್ಕೆ ಬರೆದವರೊಬ್ಬರು ಇದ್ದೇ ಇರುತ್ತಾರೆ. "ಸದ್ಯಕ್ಕೆ ಮನೆಯಲ್ಲಿ ಹೇಳಬೇಡಿ, ಸೈತಾನನು ಹೊಸ ಬೀಜವನ್ನು ಕಿತ್ತುಕೊಳ್ಳುತ್ತಾನೆ" ಎಂದರೆ ಅಲ್ಲಿಗೇ ನಿಲ್ಲಿಸಿ. ನಾನು ಗುಟ್ಟಾಗಿ ಏನನ್ನೂ ಮಾತಾಡಲಿಲ್ಲ, ಬಹಿರಂಗವಾಗಿ ಬೋಧಿಸಿದೆನು ಎಂದು ಮಹಾಯಾಜಕನ ಮುಂದೆ ಯೇಸು ಹೇಳಿದ್ದು ಯೋಹಾನ 18:20ರಲ್ಲಿದೆ.

3. "ಯೇಸು ಯಾರು?" ಎಂದು ಕೇಳಿ, ಪದಕ್ಕಲ್ಲ ಅರ್ಥಕ್ಕೆ ಕಿವಿಗೊಡಿ

ಇಡೀ ಪರೀಕ್ಷೆಯ ಜೀವ ಈ ಹಂತದಲ್ಲಿದೆ. ಬೇರೆ ಯಾವುದಕ್ಕೂ ಸಮಯವಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಎಲ್ಲರೂ "ಯೇಸು ದೇವರ ಮಗ" ಎನ್ನುತ್ತಾರೆ. ಆ ಮಾತಿನೊಳಗೆ ತುಂಬಿರುವ ಅರ್ಥ ಬೇರೆಬೇರೆ. ಬೇರೊಬ್ಬ ಯೇಸು, ಬೇರೆ ಆತ್ಮ, ಬೇರೆ ಸುವಾರ್ತೆ ಎಂದು ಪೌಲನು 2 ಕೊರಿಂಥ 11:4ರಲ್ಲಿ ಎಚ್ಚರಿಸುವುದು ಇದನ್ನೇ. ಆದ್ದರಿಂದ ಪ್ರಶ್ನೆಯನ್ನು ಹೀಗೆ ಬಿಡಿಸಿ ಕೇಳಿ: ಯೇಸು ಸೃಷ್ಟಿಯಾದವನೋ, ಸೃಷ್ಟಿಕರ್ತನೋ? ಆತನನ್ನು ಆರಾಧಿಸಬಹುದೋ? ಆತನು ಇಲ್ಲದಿದ್ದ ಕಾಲ ಒಂದಿತ್ತೋ?

ಈ ಕೊನೆಯ ಪ್ರಶ್ನೆ ಬಹಳ ಹಳೆಯದು. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಸಭಾಹಿರಿಯ ಆರಿಯನು ಮಗನೂ ಸೃಷ್ಟಿಯೇ, ಮಗನಿಲ್ಲದ ಕಾಲವಿತ್ತು ಎಂದು ಕಲಿಸಿದ. ನೈಸೀಯದ ಮಹಾಸಭೆ ಕೂಡಿದ್ದಕ್ಕೆ ಮುಖ್ಯ ಕಾರಣ ಅದೇ. ಮಗನು ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ, ತಂದೆಯೊಂದಿಗೆ ಒಂದೇ ತತ್ತ್ವವುಳ್ಳವನು ಎಂಬ ಸಾಲು ವಿಶ್ವಾಸಪ್ರಮಾಣಕ್ಕೆ ಬಂದದ್ದು ಆಗ. ಭಾನುವಾರ ಬಾಯಿಪಾಠವಾಗಿ ಹೇಳಿಬಿಡುವ ಆ ಸಾಲನ್ನು ಒಮ್ಮೆ ನಿಧಾನವಾಗಿ ಓದಿ.

ಇಂದಿನ ಕೆಲವು ಗುಂಪುಗಳ ಉತ್ತರ ಹೀಗಿದೆ. ಯೆಹೋವನ ಸಾಕ್ಷಿಗಳು, 1879ರಲ್ಲಿ ಅಮೆರಿಕದಲ್ಲಿ ಪತ್ರಿಕೆ ಶುರುಮಾಡಿದ ಚಾರ್ಲ್ಸ್ ಟೇಜ್ ರಸ್ಸೆಲ್‌ನ ಗುಂಪಿನಿಂದ ಬಂದವರು, ಈ ಹೆಸರು ಇಟ್ಟುಕೊಂಡದ್ದು 1931ರಲ್ಲಿ. ಇವರ ಬೋಧನೆಯಲ್ಲಿ ಯೇಸು ದೇವರ ಮೊದಲ ಸೃಷ್ಟಿ, ಪ್ರಧಾನದೂತ ಮೀಕಾಯೇಲನೇ ಆತ. ಪವಿತ್ರಾತ್ಮ ಒಬ್ಬ ವ್ಯಕ್ತಿಯಲ್ಲ, ದೇವರ ಶಕ್ತಿ. ಮಾರ್ಮನ್ನರು, ಜೋಸೆಫ್ ಸ್ಮಿತ್ 1830ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸಭೆಯವರು, ಬೆಂಗಳೂರಿನಲ್ಲಿ ಮಂದಿರ ಕಟ್ಟುವುದಾಗಿ 2018ರಲ್ಲಿ ಘೋಷಿಸಿದ್ದಾರೆ. ಅವರಲ್ಲಿ ತಂದೆಗೆ ಮಾಂಸ, ಎಲುಬಿನ ದೇಹವಿದೆ. ತಂದೆ, ಮಗ, ಆತ್ಮ ಮೂವರೂ ಬೇರೆ ಬೇರೆ ವ್ಯಕ್ತಿಗಳು, ಉದ್ದೇಶದಲ್ಲಿ ಮಾತ್ರ ಒಂದು. 1964ರಲ್ಲಿ ಕೊರಿಯದ ಆನ್ ಸಾಂಗ್-ಹಾಂಗ್ ಶುರುಮಾಡಿದ ವರ್ಲ್ಡ್ ಮಿಷನ್ ಸೊಸೈಟಿ ಚರ್ಚ್ ಆಫ್ ಗಾಡ್‌ನವರು ಅವರನ್ನೇ ಎರಡನೆಯ ಬಾರಿ ಬಂದ ಕ್ರಿಸ್ತ ಎನ್ನುತ್ತಾರೆ; ಅವರು 1985ರಲ್ಲಿ ತೀರಿಕೊಂಡರು. ಈಗ ಬದುಕಿರುವ ಒಬ್ಬ ಮಹಿಳೆಯನ್ನು ತಾಯಿ ದೇವರು ಎಂದು ಆರಾಧಿಸುತ್ತಾರೆ.

ಪರಿಶೀಲನೆಗೆ ಈ ವಚನಗಳನ್ನು ಇದೇ ಕ್ರಮದಲ್ಲಿ ತೆಗೆಯಿರಿ. ಯೋಹಾನ 1:3: ಉಂಟಾದವುಗಳಲ್ಲಿ ಒಂದೂ ಆತನಿಲ್ಲದೆ ಉಂಟಾಗಲಿಲ್ಲ. ಆತನೂ ಉಂಟಾದವನೇ ಆದರೆ ಈ ವಾಕ್ಯವೇ ನಿಲ್ಲುವುದಿಲ್ಲ. ಇಬ್ರಿಯ 1:5–6: ಯಾವ ದೇವದೂತನಿಗೂ ದೇವರು "ನೀನು ನನ್ನ ಮಗನು" ಎಂದು ಹೇಳಲಿಲ್ಲ, ದೂತರೆಲ್ಲ ಮಗನನ್ನು ಆರಾಧಿಸಬೇಕು. ಮೀಕಾಯೇಲನೆಂಬ ಬೋಧನೆ ಇಲ್ಲಿ ಮುರಿದುಬೀಳುತ್ತದೆ. ಯೋಹಾನ 20:28: ತೋಮನು ಯೇಸುವನ್ನೇ ನನ್ನ ಕರ್ತನು, ನನ್ನ ದೇವರು ಎಂದಾಗ ಯೇಸು ಆತನನ್ನು ತಿದ್ದಲಿಲ್ಲ. ಎರಡನೆಯ ಬರೋಣದ ಬಗ್ಗೆ ಮತ್ತಾಯ 24:23–27: ಕ್ರಿಸ್ತನು ಇಗೋ ಇಲ್ಲಿದ್ದಾನೆ, ಅಲ್ಲಿದ್ದಾನೆ ಎಂದರೆ ನಂಬಬೇಡಿ, ಮೂಡಲಿಂದ ಪಡುವಲಿಗೆ ಹೊಳೆಯುವ ಮಿಂಚಿನಂತೆ ಬರುವನು. ಒಂದು ದೇಶದಲ್ಲಿ ಕೆಲವರಿಗಷ್ಟೇ ಗೊತ್ತಾಗುವ ಹಾಗೆ ಬಂದು ತೀರಿಕೊಂಡವರಿಗೆ ಇದು ಹೊಂದುವುದಿಲ್ಲ.

ಯೆಹೋವನ ಸಾಕ್ಷಿಗಳ ಜೊತೆ ಓದುವಾಗ ನಿಮ್ಮ ಮನೆಯ ಸತ್ಯವೇದವನ್ನೇ ಬಳಸಿ. ಅವರ ನೂತನ ಲೋಕ ಭಾಷಾಂತರದಲ್ಲಿ ಯೋಹಾನ 1:1 ಬೇರೆ ರೀತಿ ಇದೆ. ಅದರ ಇಂಗ್ಲಿಷ್ ಪ್ರತಿಯ ಕೊಲೊಸ್ಸೆ 1:16ರಲ್ಲಿ ಎಲ್ಲವೂ ಆತನಿಂದ ಉಂಟಾದವು ಎನ್ನುವಲ್ಲಿ, ಗ್ರೀಕ್ ಮೂಲದಲ್ಲಿಲ್ಲದ "ಇತರ" ಎಂಬ ಪದ ಸೇರಿಕೊಂಡಿದೆ. ಆ ಒಂದು ಪದ ಸೇರಿದರೆ ಮಗನೂ ಸೃಷ್ಟಿಗಳ ಸಾಲಿಗೆ ಸೇರಿಬಿಡುತ್ತಾನೆ. ನಮ್ಮ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಯೆಹೋವ ಎಂಬ ಹೆಸರು ಪುಟಪುಟಕ್ಕೂ ಇರುವುದರಿಂದ ಕನ್ನಡ ಓದುಗರಿಗೆ ಅವರ ಹೆಸರು ತೀರಾ ಸಹಜ ಎನಿಸುತ್ತದೆ. ಹೆಸರು ಪರಿಚಿತ ಎಂದು ಬೋಧನೆಯೂ ಪರಿಚಿತ ಎಂದುಕೊಳ್ಳಬೇಡಿ.

4. ಕೊಟ್ಟ ವಚನದ ಇಡೀ ಅಧ್ಯಾಯ ಓದಿ

ತಪ್ಪು ಬೋಧನೆಗಳು ಸತ್ಯವೇದವನ್ನು ಬಿಟ್ಟು ಮಾತಾಡುವುದು ಕಡಿಮೆ. ಒಂದು ಗಂಟೆಯ ಪಾಠದಲ್ಲಿ ಮೂವತ್ತು ವಚನ ತೆಗೆಸುತ್ತಾರೆ, ಯಾವುದರಲ್ಲೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ಸುಮಾರು 180ರಲ್ಲಿ ಲಿಯೋನ್‌ನ ಬಿಷಪ್ ಐರೇನಿಯಸ್ ಇದಕ್ಕೆ ಕೊಟ್ಟ ಹೋಲಿಕೆ ಇಂದಿಗೂ ಸರಿಹೊಂದುತ್ತದೆ: ರತ್ನದ ಹರಳುಗಳಿಂದ ರಾಜನ ಚಿತ್ರ ಮಾಡಿದ್ದಾರೆ; ಇನ್ನೊಬ್ಬ ಬಂದು ಅದೇ ಹರಳುಗಳನ್ನು ಕಿತ್ತು ನರಿಯ ಚಿತ್ರ ಜೋಡಿಸಿ, ಇದೇ ರಾಜ ಎನ್ನುತ್ತಾನೆ. ಹರಳುಗಳು ಅಸಲಿ, ಜೋಡಣೆ ಅವನದು.

ಮಾಡಬೇಕಾದ್ದು ಇಷ್ಟು. ಪಾಠದಲ್ಲಿ ಬಂದ ವಚನಗಳನ್ನೆಲ್ಲ ಬರೆದುಕೊಳ್ಳಿ. ಮನೆಗೆ ಬಂದು ಅವುಗಳಲ್ಲಿ ಮೂರನ್ನು ಮಾತ್ರ ಆರಿಸಿ. ಇಡೀ ಬೋಧನೆ ಯಾವುದರ ಮೇಲೆ ನಿಂತಿದೆಯೋ ಅವನ್ನು. ಪ್ರತಿಯೊಂದರ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿ. ಯಾರು, ಯಾರಿಗೆ, ಯಾವ ವಿಷಯದ ಬಗ್ಗೆ ಹೇಳುತ್ತಿದ್ದಾರೆ ಎಂದು ಒಂದೊಂದು ಸಾಲು ಬರೆಯಿರಿ. ಬೆರೋಯದವರು ಪೌಲನ ಮಾತನ್ನೇ ಪ್ರತಿದಿನ ಗ್ರಂಥದಲ್ಲಿ ಪರಿಶೋಧಿಸಿದರು (ಅಪೊಸ್ತಲರ ಕೃತ್ಯಗಳು 17:11). ಅಪೊಸ್ತಲನ ಮಾತನ್ನೇ ಪರಿಶೋಧಿಸಿದ್ದಕ್ಕೆ ಹೊಗಳಿಕೆ ಸಿಕ್ಕಿರುವಾಗ ಝೂಮ್ ಟೀಚರಿಗೆ ಅದರಿಂದ ಬೇಸರವಾಗಬಾರದು.

ನಾಲ್ಕು ಉದಾಹರಣೆ ಮಾಡಿ ನೋಡೋಣ.

ಗಲಾತ್ಯ 4:26ರಲ್ಲಿ ಮೇಲಣ ಯೆರೂಸಲೇಮು ನಮಗೆ ತಾಯಿ ಎಂದಿದೆ. ತಾಯಿ ದೇವರ ಬೋಧನೆಗೆ ಇದೇ ಮುಖ್ಯ ಆಧಾರ. ಎರಡು ವಚನ ಹಿಂದಕ್ಕೆ ಹೋಗಿ: ಇದು ಅಲಂಕಾರವಾಗಿ ಹೇಳಿದ್ದು, ಹಾಗರಳು ಮತ್ತು ಸಾರಳು ಎರಡು ಒಡಂಬಡಿಕೆಗಳು ಎಂದು ಪೌಲನೇ ಹೇಳುತ್ತಾನೆ. ಹಾಗರಳು ಸೀನಾಯಿ ಬೆಟ್ಟ ಎಂದೂ ಅಲ್ಲೇ ಇದೆ. ಮೇಲಣ ಯೆರೂಸಲೇಮು ಬದುಕಿರುವ ಒಬ್ಬ ಹೆಂಗಸಾದರೆ ಸೀನಾಯಿ ಬೆಟ್ಟವೂ ಒಬ್ಬ ಹೆಂಗಸಾಗಬೇಕು. ಪ್ರಕಟನೆ 22:17ರ ಮದಲಗಿತ್ತಿಯನ್ನೂ ಅವರು ತಾಯಿ ದೇವರೆನ್ನುತ್ತಾರೆ. ಪ್ರಕಟನೆ 19:7–8 ತೆಗೆಯಿರಿ, ಅಲ್ಲಿ ಮದಲಗಿತ್ತಿ ಉಟ್ಟ ನಾರುಮಡಿ ದೇವಜನರ ನೀತಿಕಾರ್ಯಗಳು. ಮದಲಗಿತ್ತಿ ಎಂದರೆ ಸಭೆ.

ಆದಿಕಾಂಡ 1:26ರ "ನಾವು ಮನುಷ್ಯನನ್ನು ಉಂಟುಮಾಡೋಣ" ಎಂಬ ಬಹುವಚನದಿಂದ ತಂದೆ ದೇವರು, ತಾಯಿ ದೇವರು ಇಬ್ಬರು ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ವಚನ ಓದಿ: ಮೂಲ ಹೀಬ್ರೂವಿನಲ್ಲಿ ಕ್ರಿಯಾಪದ ಏಕವಚನ, ನಮ್ಮ ಹಳೆಯ ಅನುವಾದದಲ್ಲೂ "ಉಂಟುಮಾಡಿದನು". ಹೀಬ್ರೂವಿನ ಎಲೋಹಿಮ್ ರೂಪದಲ್ಲಿ ಬಹುವಚನ, ಕ್ರಿಯೆ ಏಕವಚನ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ: ನಮ್ಮ "ದೇವರು" ಎಂಬ ಪದವೂ ರೂಪದಲ್ಲಿ ಬಹುವಚನವೇ, ಅದನ್ನು ಕೇಳಿ ಇಬ್ಬರು ದೇವರಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ.

ಯೆಶಾಯ 34:16ನ್ನು, ಅಂದರೆ ಯಾವುದಕ್ಕೂ ಜೊತೆ ಇಲ್ಲದೆ ಇರುವುದಿಲ್ಲ ಎಂಬ ಮಾತನ್ನು, ಪ್ರತಿ ವಚನಕ್ಕೂ ಒಂದು ಜೋಡಿ ವಚನ ಇದೆ ಎಂಬ ಸೂತ್ರವಾಗಿ ಕೊರಿಯ ಮೂಲದ ಗುಂಪುಗಳು ಕಲಿಸುತ್ತವೆ. ಈ ಸೂತ್ರ ಒಪ್ಪಿಕೊಂಡರೆ ಯಾವ ವಚನವನ್ನು ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು. ಆ ಅಧ್ಯಾಯದ 11ರಿಂದ 15ನೆಯ ವಚನಗಳಲ್ಲಿರುವುದು ಹಾಳುಬಿದ್ದ ಎದೋಮಿನಲ್ಲಿ ಗೂಡುಕಟ್ಟುವ ಗೂಬೆ, ಹದ್ದುಗಳು. ಜೊತೆ ಇರುವುದು ಆ ಹಕ್ಕಿಗಳಿಗೆ.

ಇನ್ನು ಪ್ರಕಟನೆಯಲ್ಲಿ ಮುದ್ರೆ ಹೊಂದಿದವರ ಸಂಖ್ಯೆ, 1,44,000. ಶಿಂಚನ್‌ಜಿಯವರಿಗೂ ಯೆಹೋವನ ಸಾಕ್ಷಿಗಳಿಗೂ ಈ ಸಂಖ್ಯೆ ಮುಖ್ಯ, ಅರ್ಥ ಮಾತ್ರ ಬೇರೆ ಬೇರೆ. ಪ್ರಕಟನೆ 7:4–8ರಲ್ಲಿ ಇಸ್ರಾಯೇಲಿನ ಹನ್ನೆರಡು ಕುಲಗಳಿಂದ ತಲಾ 12,000. 14:4ರಲ್ಲಿ ಅವರು ಸ್ತ್ರೀಸಂಗ ಮಾಡದವರು. ಸಂಖ್ಯೆಯನ್ನು ಅಕ್ಷರಶಃ ಹಿಡಿದು ಕುಲವನ್ನೂ ಬ್ರಹ್ಮಚರ್ಯವನ್ನೂ ಸಂಕೇತವೆನ್ನುವುದಾದರೆ ಹಾಗೆ ತೀರ್ಮಾನಿಸಿದವರು ಯಾರು ಎಂದು ಕೇಳಿ. ಅದೇ 7ನೆಯ ಅಧ್ಯಾಯದ 9ನೆಯ ವಚನದಲ್ಲಿ, ಸಿಂಹಾಸನದ ಮುಂದೆಯೇ, ಯಾರಿಂದಲೂ ಎಣಿಸಲಾಗದ ಮಹಾಸಮೂಹ ನಿಂತಿದೆ.

ಒಂದು ಎಚ್ಚರಿಕೆ: ಪಾಠ ಹೇಳುವವರಿಗೆ ಇದೇ ವಚನಗಳಿಗೆ ಸಿದ್ಧ ಉತ್ತರ ಇರುತ್ತದೆ, ಮಾತು ಬೇಗ ಬೇರೆ ವಚನಕ್ಕೆ ಹಾರುತ್ತದೆ. ನೀವು ಹಾರಬೇಡಿ. "ಇದನ್ನು ಮುಗಿಸೋಣ, ಆಮೇಲೆ ಅದು" ಎನ್ನಿ. ಒಂದು ಭೇಟಿಗೆ ಒಂದೇ ಅಧ್ಯಾಯ.

5. ಹೇಳಿದ ಪ್ರವಾದನೆ ಆಗಿದೆಯೇ ನೋಡಿ

ಧರ್ಮೋಪದೇಶಕಾಂಡ 18:22ರ ಅಳತೆ ಸರಳ: ಯೆಹೋವನ ಹೆಸರಿನಲ್ಲಿ ಹೇಳಿದ್ದು ನೆರವೇರದಿದ್ದರೆ ಅದು ಆತನ ಮಾತಲ್ಲ. ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದರು. ಅದೇ ದೇಶದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಯೆಹೋವನ ಸಾಕ್ಷಿಗಳ ವಾಚ್‌ಟವರ್ ಸಂಸ್ಥೆ 1925ರಲ್ಲಿ ಅಬ್ರಹಾಮ, ಇಸಾಕ, ಯಾಕೋಬರು ಎದ್ದುಬರುವರು ಎಂದು ಬರೆಯಿತು. 1929ರಲ್ಲಿ ಅವರ ಹೆಸರಿನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ಒಂದು ಬಂಗಲೆಯನ್ನೂ ಕಟ್ಟಿಸಿತು. ಆಮೇಲೆ 1975ರಲ್ಲಿ ಈ ಲೋಕಕ್ಕೆ ಅಂತ್ಯ ಬರಬಹುದೆಂಬ ನಿರೀಕ್ಷೆ ಬಂತು.

ಇದರ ಬಗ್ಗೆ ಕೇಳಿದರೆ ಸಾಕ್ಷಿಗಳು ಜ್ಞಾನೋಕ್ತಿ 4:18 ತೋರಿಸಿ, ಬೆಳಕು ಹೆಚ್ಚುತ್ತಾ ಹೋಗುತ್ತದೆ ಎನ್ನುತ್ತಾರೆ. ಆ ಅಧ್ಯಾಯ ನೀತಿವಂತನ ನಡತೆಯ ಬಗ್ಗೆ ಇದೆ, ತಪ್ಪಿದ ಪ್ರವಾದನೆಯ ಬಗ್ಗೆ ಅಲ್ಲ. ಹಾಗೆಂದು ಪ್ರವಾದನೆ ನಿಜವಾದರೆ ಬೋಧನೆ ಸರಿ ಎಂದೂ ಅಲ್ಲ. ಧರ್ಮೋಪದೇಶಕಾಂಡ 13:1–3 ಓದಿ: ಸೂಚಕಕಾರ್ಯ ನಡೆದೇ ನಡೆದರೂ ಬೇರೆ ದೇವರ ಕಡೆ ಕರೆದರೆ ಹೋಗಬಾರದು. "ನನ್ನ ವಿಷಯ ಅವರಿಗೆ ಹೇಗೆ ಗೊತ್ತಾಯಿತು, ಅದು ಆತ್ಮನಿಂದಲೇ" ಎಂದು ಹೇಳಿಬಿಡುವ ಮುಂಚೆ ನಿಮ್ಮ ಫೇಸ್‌ಬುಕ್ ಒಮ್ಮೆ ತೆರೆದು ನೋಡಿ.

6. ಹಣ, ಔಷಧ, ದೇಹ

ಬುಡದ ಬೋಧನೆ ಸರಿಯಾಗಿಯೇ ಹೇಳುವ ಸಭೆಗಳಲ್ಲೂ ಈ ಹಂತ ಬಿಡಬೇಡಿ. ಸತ್ಯವೇದವನ್ನು ಬಿಟ್ಟರೆ ಅತಿ ಹಳೆಯ ಕ್ರೈಸ್ತ ಬರಹಗಳಲ್ಲಿ ಒಂದಾದ ದಿದಖೆ, ಊರೂರು ತಿರುಗುವ ಪ್ರವಾದಿಗಳ ಬಗ್ಗೆ ಸಭೆಗಳಿಗೆ ಅಳತೆ ಕೊಟ್ಟಿದೆ: ಬಂದವನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಲಿ, ಮೂರು ದಿನ ಇದ್ದರೆ ಸುಳ್ಳು ಪ್ರವಾದಿ. ಆತ್ಮನಲ್ಲಿ ಮಾತಾಡುತ್ತೇನೆಂದು ಹಣ ಕೇಳಿದರೆ ಅವನ ಮಾತು ಕೇಳಬೇಡಿ. ಕೊರತೆಯಲ್ಲಿರುವ ಇತರರಿಗಾಗಿ ಕೇಳಿದರೆ ತೀರ್ಪು ಮಾಡಬೇಡಿ.

ಇಂದು ಅದನ್ನು ಹೀಗೆ ಕೇಳಿ: ರಸೀದಿ ಕೊಡುತ್ತೀರಾ? ಯುಪಿಐ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಟ್ರಸ್ಟಿನದೋ ಒಬ್ಬ ವ್ಯಕ್ತಿಯದೋ? ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದುತ್ತೀರಾ? ಹತ್ತು ಸಾವಿರ ಬಿತ್ತಿದರೆ ಲಕ್ಷ ಕೊಯ್ಯುವಿರಿ ಎಂಬ ಮಾತು ಬಂದರೆ ಪ್ರಶ್ನೆ ಕೇಳುವ ಅಗತ್ಯವೂ ಇಲ್ಲ, ಎದ್ದು ಬನ್ನಿ. ಕೊಟ್ಟದ್ದಕ್ಕೆ ಪ್ರತಿಯಾಗಿ ದೇವರನ್ನು ಸಾಲಗಾರನನ್ನಾಗಿ ಮಾಡುವ ಬೋಧನೆಗೂ ಕೃಪೆಗೂ ಸಂಬಂಧವಿಲ್ಲ.

ಔಷಧದ ವಿಷಯದಲ್ಲಿ ರಾಜಿಯೇ ಬೇಡ. "ವಿಶ್ವಾಸವಿದ್ದರೆ ಮಾತ್ರೆ ಯಾಕೆ?" ಎಂಬ ಮಾತು ಜನರನ್ನು ಕೊಂದಿದೆ. ಟೈಪ್ 1 ಮಧುಮೇಹದವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಮೂರ್ಛೆರೋಗದ ಮಾತ್ರೆ ಥಟ್ಟನೆ ಬಿಟ್ಟರೆ ಫಿಟ್ಸ್ ಮರುಕಳಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳು ನಡೆಯುವ ಕ್ಷಯದ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವಾಗಬಹುದು. ಸತ್ಯವೇದದಲ್ಲಿ ಪೌಲನು ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ (1 ತಿಮೊಥೆಯ 5:23), ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಬಂದ (2 ತಿಮೊಥೆಯ 4:20). ಅವರಿಗೆ ವಿಶ್ವಾಸ ಕಡಿಮೆ ಎಂದು ಅವನು ಬೈಯಲಿಲ್ಲ. ಪ್ರಾರ್ಥಿಸಿ, ಮಾತ್ರೆಯನ್ನೂ ನುಂಗಿ. ಮನೆಯಲ್ಲಿ ಯೆಹೋವನ ಸಾಕ್ಷಿಗಳಿದ್ದರೆ ಅವರು ರಕ್ತ ತೆಗೆದುಕೊಳ್ಳುವುದಿಲ್ಲ ಎಂಬುದು ಆಪರೇಷನ್ನಿಗೆ ಮುಂಚೆಯೇ ಡಾಕ್ಟರಿಗೆ ಗೊತ್ತಿರಬೇಕು.

ಈ ದಾರಿಯ ಕೊನೆ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ದಕ್ಷಿಣ ಅಮೆರಿಕದ ಗಯಾನಾದಲ್ಲಿ ಜಿಮ್ ಜೋನ್ಸ್‌ನ ಗುಂಪಿನ 900ಕ್ಕೂ ಹೆಚ್ಚು ಮಂದಿ 1978ರ ನವೆಂಬರ್ 18ರಂದು ಸತ್ತದ್ದು ಒಂದು ಸಾಕ್ಷಿ. ಅವರಲ್ಲಿ ಸುಮಾರು 300 ಮಂದಿ ಮಕ್ಕಳು, ಹದಿಹರೆಯದವರು. ಕೀನ್ಯಾದ ಶಕಹೋಲಾ ಕಾಡಿನಲ್ಲಿ 2023ರಿಂದೀಚೆಗೆ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆದರು; ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುವಿರಿ ಎಂದು ಕಲಿಸಿದ ಆರೋಪ ಅಲ್ಲಿಯ ಮುಖಂಡನ ಮೇಲಿದೆ. ಎರಡೂ ಕಡೆ ಜನ ಮೊದಲು ಕಳೆದುಕೊಂಡದ್ದು ಹೊರಗಿನವರ ಜೊತೆಗಿನ ಮಾತುಕತೆಯನ್ನು.

7. ಒಂದು ಪ್ರಶ್ನೆ ಕೇಳಿ, ಒಂದು ವಾರ ಹೋಗದಿರಿ

ಮುಖಂಡರ ತೀರ್ಮಾನವೊಂದನ್ನು ವಿನಯದಿಂದ ಪ್ರಶ್ನಿಸಿ. "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ" ಎಂಬ ಕೀರ್ತನೆ 105:15 ಉತ್ತರವಾಗಿ ಬಂದರೆ ಆ ಕೀರ್ತನೆಯನ್ನು ತೆಗೆದು ಓದಿ. ಅದು ಅನ್ಯ ಅರಸರಿಂದ ಅಬ್ರಹಾಮ, ಇಸಾಕ, ಯಾಕೋಬರನ್ನು ದೇವರು ಕಾಪಾಡಿದ ಮಾತು. ಪೇತ್ರನಂಥ ಪೇತ್ರನನ್ನೇ ಪೌಲನು ಮುಖಾಮುಖಿ ತಪ್ಪೆಂದು ಹೇಳಿದ್ದು ಗಲಾತ್ಯ 2:11ರಲ್ಲಿದೆ.

ಆಮೇಲೆ ಒಂದು ವಾರ ಕೂಟಕ್ಕೆ ಹೋಗಬೇಡಿ. ಒಳ್ಳೆಯ ಸಭೆಯಿಂದ "ಹುಷಾರಿದ್ದೀರಾ?" ಎಂದು ಫೋನ್ ಬರುತ್ತದೆ. ದಿನಕ್ಕೆ ಹತ್ತು ಮೆಸೇಜು, ಅಪಘಾತದ ಶಾಪ, "ನೀನು ಬಿದ್ದುಹೋದೆ" ಎಂಬ ಮಾತು ಬಂದರೆ ನಿಮ್ಮ ಪರೀಕ್ಷೆ ಮುಗಿಯಿತು.

ಬಿಡುವುದೆಂದು ತೀರ್ಮಾನಿಸಿದರೆ ಗುಂಪಿನವರ ಕೈಗೆ ಕೊಟ್ಟ ಆಧಾರ್, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡುಗಳನ್ನು ಮೊದಲು ವಾಪಸ್ ಪಡೆಯಿರಿ. ಕಾಣಿಕೆಯ ಆಟೊ-ಪೇ ನಿಲ್ಲಿಸಿ. ವಾಟ್ಸಾಪ್ ಗುಂಪಿನಿಂದ ಹೊರಬರುವ ಮುಂಚೆ ಬೇಕಾದ ಮೆಸೇಜುಗಳನ್ನು ಉಳಿಸಿಕೊಳ್ಳಿ. ಬೀಳ್ಕೊಡುಗೆಯ ಮಾತುಕತೆಗೆ ಒಬ್ಬರೇ ಹೋಗಬೇಡಿ; ಒಂದು ಸಾಲಿನ ಮೆಸೇಜು ಸಾಕು. ಕೆಲವು ತಿಂಗಳು ಭಯ, ನಿದ್ರೆಗೆಡುವುದು, ಒಂಟಿತನ ಕಾಡಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

8. ಮನೆಯವರೊಬ್ಬರು ಒಳಗಿದ್ದರೆ

ಅತಿ ಹೆಚ್ಚು ಕೆಡುವುದು ಇಲ್ಲಿ, ಅದೂ ಪ್ರೀತಿಯಿಂದಲೇ. ಮಗನ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಪುಸ್ತಕ ಹರಿಯುತ್ತಾರೆ, ನೆಂಟರನ್ನೆಲ್ಲ ಕೂಡಿಸಿ ಪಂಚಾಯಿತಿ ಮಾಡುತ್ತಾರೆ. ಮನೆಯವರು ನಿನ್ನನ್ನು ಹಿಂಸಿಸುತ್ತಾರೆ ಎಂದು ಗುಂಪಿನವರು ಮೊದಲೇ ಹೇಳಿಕೊಟ್ಟಿರುತ್ತಾರೆ. ಅವರು ಹೇಳಿದ ಪ್ರವಾದನೆಯನ್ನು ನೀವೇ ನೆರವೇರಿಸಿದಂತಾಗುತ್ತದೆ.

ವಾರಕ್ಕೊಮ್ಮೆಯಾದರೂ ಧರ್ಮದ ಮಾತೆತ್ತದೆ ಮಾತಾಡಿ. ಊಟ, ಕೆಲಸ, ಅಕ್ಕನ ಮಗುವಿನ ಸುದ್ದಿ. ಹುಟ್ಟುಹಬ್ಬ ಆಚರಿಸುವುದಿಲ್ಲ ಎಂದರೆ ಬೇರೆ ದಿನ ಊಟಕ್ಕೆ ಕರೆಯಿರಿ. ಬೋಧನೆಯ ಬಗ್ಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ, ಗೆಲ್ಲಲು ಹೋಗಬೇಡಿ. ಸಂದೇಹದಲ್ಲಿರುವವರನ್ನು ಕರುಣಿಸಿರಿ ಎಂದು ಯೂದನು 22ನೆಯ ವಚನದಲ್ಲಿ ಬರೆದಿದ್ದಾನೆ. ಈ ಬೋಧನೆಯನ್ನು ತಾರದವನನ್ನು ಮನೆಯೊಳಗೆ ಸೇರಿಸಬೇಡಿರಿ ಎಂಬ 2 ಯೋಹಾನ 10ನ್ನು ಹಿಡಿದು ಸ್ವಂತ ಮಗಳನ್ನು ಮನೆಯೊಳಗೆ ಬಿಡದವರಿದ್ದಾರೆ. ಅದು ಮನೆಮನೆಯಲ್ಲಿ ಸಭೆ ಸೇರುತ್ತಿದ್ದ ಕಾಲದಲ್ಲಿ ಸುಳ್ಳು ಬೋಧಕರಿಗೆ ಬಿಡಾರ ಕೊಟ್ಟು ಬೋಧನೆಗೆ ನೆರವಾಗುವುದರ ಬಗ್ಗೆ ಬರೆದದ್ದು. ಮಗಳಿಗೆ ಬಾಗಿಲು ಹಾಕುವುದಕ್ಕಲ್ಲ, ಬಂದವರಿಗೆ ನೀರು ಕೊಡದಿರುವುದಕ್ಕೂ ಅಲ್ಲ.

ವಯಸ್ಕರಿಗೆ ತಪ್ಪು ಬೋಧನೆ ನಂಬುವ ಸ್ವಾತಂತ್ರ್ಯವನ್ನೂ ಸಂವಿಧಾನದ 25ನೆಯ ವಿಧಿ ಕೊಟ್ಟಿದೆ. ರಾಷ್ಟ್ರಗೀತೆಗೆ ಎದ್ದುನಿಂತು, ಹಾಡದೆ ಇದ್ದ ಕಾರಣಕ್ಕೆ ಶಾಲೆಯಿಂದ ಹೊರಹಾಕಿದ ಕೇರಳದ ಯೆಹೋವನ ಸಾಕ್ಷಿಗಳ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟದ್ದು ಇದೇ ಹಕ್ಕಿನ ಮೇಲೆ. ಬೋಧನೆ ಸರಿಯಿಲ್ಲ ಎಂದು ಪೊಲೀಸರ ಬಳಿ ಹೋಗಬೇಡಿ. ಮಗುವಿಗೆ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ, ಯಾರನ್ನಾದರೂ ಕೂಡಿಹಾಕಿದ್ದರೆ, ಹೊಡೆದಿದ್ದರೆ 112ಕ್ಕೆ ಫೋನ್ ಮಾಡಿ. ಮೋಸದಿಂದ ಹಣ ಕಿತ್ತಿದ್ದರೆ ದಾಖಲೆ ಸಮೇತ ದೂರು ಕೊಡಿ.

9. ತಿರುಗಿ ಬಂದವರನ್ನು ಸಭೆ ಸೇರಿಸಿಕೊಳ್ಳುವಾಗ

ಹಿರಿಯರಿಗೆ ಈ ಮಾತು. ಬಂದ ಮೊದಲ ಭಾನುವಾರವೇ ಮೈಕ್ ಕೊಟ್ಟು ಸಾಕ್ಷಿ ಹೇಳಿಸಬೇಡಿ. ಒಬ್ಬರ ಹಿಡಿತದಿಂದ ಬಂದವರಿಗೆ ಇನ್ನೊಬ್ಬರ ಅಪ್ಪಣೆ ಬೇಡ. ಕೆಲವು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ. ಒಬ್ಬರು ಅವರ ಜೊತೆ ಮಾರ್ಕನ ಸುವಾರ್ತೆಯ ಹದಿನಾರು ಅಧ್ಯಾಯಗಳನ್ನು ವಾರಕ್ಕೊಂದರಂತೆ ಓದಲಿ, ಬೇರೆ ಪಾಠಪುಸ್ತಕ ಇಲ್ಲದೆ. ಆ ಗುಂಪಿನಲ್ಲಿ ಸಿಕ್ಕ ಸ್ನೇಹ, ಅಲ್ಲಿ ಕಲಿತ ಪ್ರಾರ್ಥನೆಯ ಶಿಸ್ತು ಎಲ್ಲವೂ ಸುಳ್ಳು ಎಂದು ಹೇಳಿಸಲು ಹೋಗಬೇಡಿ.

ದೀಕ್ಷಾಸ್ನಾನದ ಪ್ರಶ್ನೆ ಖಂಡಿತ ಬರುತ್ತದೆ. ಗುಂಪಿಗೆ ಹೋಗುವ ಮುಂಚೆ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಆಗಿದ್ದರೆ ಬಹಳಷ್ಟು ಸಭೆಗಳು ಅದನ್ನೇ ಒಪ್ಪುತ್ತವೆ, ಮತ್ತೆ ಮಾಡುವುದಿಲ್ಲ. ಗುಂಪಿನಲ್ಲೇ ಮೊದಲ ಬಾರಿ ಆಗಿದ್ದರೆ ಯಾವ ಹೆಸರಿನಲ್ಲಿ, ಯಾವ ಅರ್ಥದಲ್ಲಿ ಆಯಿತು ಎಂದು ಕೇಳಿ ಬರೆದುಕೊಳ್ಳಿ. ಹೇಳುವ ಪದಗಳು ಒಂದೇ ಆದರೂ ಅರ್ಥ ಬೇರೆ ಇರಬಹುದು. ಮಾರ್ಮನ್ನರ ದೀಕ್ಷಾಸ್ನಾನ ಸಿಂಧುವಲ್ಲ ಎಂದು ಕಥೋಲಿಕ ಸಭೆ 2001ರಲ್ಲಿ ತೀರ್ಮಾನಿಸಿದ್ದು ಈ ಕಾರಣಕ್ಕೆ. ಆ ವಿವರವನ್ನು ನಿಮ್ಮ ಬಿಷಪರಿಗೋ ಸಭಾಹಿರಿಯರಿಗೋ ಕೊಟ್ಟು, ಅವರ ಉತ್ತರ ಬರುವ ತನಕ ಯಾವ ದಿನಾಂಕವನ್ನೂ ಗೊತ್ತುಮಾಡಬೇಡಿ.